ನಡುರಾತ್ರಿಯ ನೀರು

“ನಿಮ್ಮ ತಾಯಿಗೆ ಎಷ್ಟನೇ ವಯಸ್ಸಿಗೆ ನಿಂತಿತು?”

ಡಾಕ್ಟರು ಚೀಟಿ ಬರೆಯುತ್ತಲೇ ಕೇಳಿದರು. ನಾನು ಉತ್ತರ ಹೇಳಲು ಬಾಯಿ ತೆರೆದವಳು ಹಾಗೇ ಕೂತೆ. ಅಮ್ಮನ ಚಪ್ಪಲಿಯ ಅಳತೆ ಗೊತ್ತು, ಕನ್ನಡಕದ ನಂಬರು ಗೊತ್ತು, ಯಾವ ಹಲ್ಲು ಯಾವಾಗ ಕೀಳಿಸಿದಳು ಅನ್ನುವುದೂ ಗೊತ್ತು. ಇದೊಂದು ಗೊತ್ತಿಲ್ಲ. “ಕೇಳಿ ಹೇಳ್ತೀನಿ” ಅಂದೆ.

ಮಗಳ ಮುಟ್ಟು ಯಾವಾಗ ನಿಲ್ಲಬಹುದು ಅನ್ನುವುದಕ್ಕೆ ತಾಯಿಯ ವಯಸ್ಸು ಒಳ್ಳೆಯ ಸುಳಿವಂತೆ. ಸಾಮಾನ್ಯವಾಗಿ 45ರಿಂದ 55ರೊಳಗೆ. ಹನ್ನೆರಡು ತಿಂಗಳು ಸತತವಾಗಿ ಆಗದಿದ್ದರೆ ಆಗ ನಿಂತಿತು ಅಂತ ಲೆಕ್ಕ. ನನಗೆ 48. ಎರಡು ತಿಂಗಳು ಸುದ್ದಿಯೇ ಇರುವುದಿಲ್ಲ, ಮೂರನೆಯ ತಿಂಗಳು ಬಂದದ್ದು ಹತ್ತು ದಿನವಾದರೂ ಹೋಗುವುದಿಲ್ಲ. ನಾನು ಹೋದದ್ದು ಮೈಯೆಲ್ಲ ಧಗೆ ಅಂತ ದೂರು ಹೇಳಲು. ಅವರು ಮುಖ ಗಂಟಿಕ್ಕಿದ್ದು ಹಿಮೋಗ್ಲೋಬಿನ್ ನೋಡಿ. ಹೆಂಗಸರಿಗೆ 12ಕ್ಕಿಂತ ಕೆಳಗಿದ್ದರೆ ರಕ್ತಹೀನತೆ, ನನ್ನದು 10.6. ಕಬ್ಬಿಣದ ಮಾತ್ರೆ ಬರೆದು, “ಕಾಫಿ, ಟೀ ಜೊತೆ ನುಂಗಿದರೆ ನುಂಗದ ಹಾಗೇ” ಅಂತ ಎರಡು ಸಲ ಹೇಳಿದರು. ಇಷ್ಟು ಹೋಗುತ್ತಿರುವುದು ಯಾಕೆಂದು ನೋಡಲು ಸ್ಕ್ಯಾನಿಂಗ್ ಕೂಡ ಬರೆದರು. ನಾನೋ, ಸುಸ್ತಿಗೆಲ್ಲ ಬೇಸಿಗೆಯೇ ಕಾರಣ ಅಂದುಕೊಂಡು ಎರಡು ತಿಂಗಳು ತಳ್ಳಿದ್ದೆ.

ಕೇಳಿ ಹೇಳ್ತೀನಿ ಅಂದವಳು ಹನ್ನೊಂದು ದಿನ ಕೇಳಲಿಲ್ಲ. ದಿನಾ ಫೋನ್ ಮಾಡುತ್ತೇನೆ, ಮಂಡಿನೋವು, ಮೋಟರು ಕೆಟ್ಟದ್ದು, ಯಾರ ಮನೆಯಲ್ಲಿ ಏನಾಯಿತು, ಎಲ್ಲ ಆಗುತ್ತದೆ. ಇದಕ್ಕೆ ಮಾತ್ರ ನಾಲಿಗೆ ಹೊರಳುವುದಿಲ್ಲ. ಮೊದಲ ಸಲ ಮುಟ್ಟಾದಾಗ ಅವಳು ನನಗೆ ಹೇಳಿದ್ದು ನಾಲ್ಕೇ ವಾಕ್ಯ. ಆಮೇಲೆ ಆ ವಿಷಯದ ಬಾಗಿಲು ಇಬ್ಬರೂ ಸೇರಿ ಮುಚ್ಚಿದ್ದೆವು.

ಹನ್ನೆರಡನೆಯ ದಿನ ಶುರುವಾದದ್ದು ಬೆಳಗಿನ ಜಾವ ಮೂರು ಗಂಟೆಗೆ. ಎದೆಯ ಹತ್ತಿರ ಎಲ್ಲೋ ಒಂದು ಝಳ ಎದ್ದು, ಕತ್ತು ಹತ್ತಿ, ಕಿವಿಯ ತುದಿಗೆ ಬಂದು ನಿಂತಿತು. ಕಿವಿ ಹಿಡಿದರೆ ಇಸ್ತ್ರಿಪೆಟ್ಟಿಗೆ. ಎರಡು ನಿಮಿಷ ಅಷ್ಟೇ. ಆಮೇಲೆ ಬೆನ್ನ ಮೇಲೆ ಬೆವರು ಹರಿದು, ಅದೇ ಬೆವರು ಆರುತ್ತ ಚಳಿ. ಹೊದಿಕೆ ಒದ್ದು, ಮತ್ತೆ ಎಳೆದುಕೊಂಡು, ಮತ್ತೆ ಒದ್ದು, ಕೊನೆಗೆ ಎದ್ದುಬಿಟ್ಟೆ.

ನಮ್ಮ ತಲೆಯೊಳಗೆ ಹೈಪೊಥಲಾಮಸ್ ಅಂತ ಒಂದು ಪುಟ್ಟ ಭಾಗವಿದೆ, ಮೈಯ ಬಿಸಿ ಕಾಯುವ ಕಾವಲುಗಾರ. ಒಳಬಿಸಿ ಕೊಂಚ ಏರಿದರೂ ಇಳಿದರೂ ಮಾಮೂಲಿಯಾಗಿ ಅದು ಕಂಡೂ ಕಾಣದಂತೆ ಇರುತ್ತದೆ. ಹೆಣ್ಣಿನ ಹಾರ್ಮೋನು ಈಸ್ಟ್ರೋಜನ್ ಏರುಪೇರಾಗಿ ಇಳಿಯತೊಡಗಿದಾಗ ಮುಂಗೋಪಿಯಾಗುತ್ತದೆ. ಸಾಸಿವೆಯಷ್ಟು ಬಿಸಿ ಏರಿದರೆ ಸಾಕು, ಬೆಂಕಿ ಬಿತ್ತು ಅನ್ನುವ ಹಾಗೆ ಚರ್ಮದ ರಕ್ತನಾಳಗಳನ್ನೆಲ್ಲ ತೆರೆಸಿ, ಬೆವರು ಸುರಿಸಿ, ಊರೆಲ್ಲ ಎಬ್ಬಿಸುತ್ತದೆ. ಹೊರಗೆ ನಿಜವಾದ ಬೇಸಿಗೆಯೂ ಇದ್ದರೆ ಅದಕ್ಕೆ ನೆಪ ಹುಡುಕುವ ಕಷ್ಟವೂ ಇಲ್ಲ. ಋತು ಅನ್ನುವ ಒಂದೇ ಪದವನ್ನು ಕಾಲಕ್ಕೂ ಮುಟ್ಟಿಗೂ ಇಟ್ಟವರು ಯಾರೋ, ಎರಡೂ ಒಟ್ಟಿಗೆ ಕೆಡುತ್ತವೆಂದು ಅವರಿಗೆ ತಿಳಿದಿದ್ದಿರಬೇಕು.

ಹಿತ್ತಲ ಬಾಗಿಲು ತೆಗೆದೆ. ಒಳಗಿನ ಗೋಡೆಗಳು ಹಗಲಿನ ಬಿಸಿಯನ್ನು ಇನ್ನೂ ಉಗುಳುತ್ತಿದ್ದವು. ಹೊರಗೆ, ಗಿಡಗಳ ನಡುವೆ, ಗಾಳಿ ಬೇರೆಯೇ. ಒಂದು ಗ್ರಾಂ ನೀರು ಆವಿಯಾಗಲು ಸುತ್ತಲಿನಿಂದ ಸುಮಾರು 580 ಕ್ಯಾಲೊರಿ ಶಾಖ ಹೀರುತ್ತದೆ, ಗ್ರಾಂ ಲೆಕ್ಕದ ಸಣ್ಣ ಕ್ಯಾಲೊರಿ, ತೂಕ ಇಳಿಸುವವರು ಎಣಿಸುವುದಲ್ಲ. ಹಗಲೆಲ್ಲ ಎಲೆಗಳು ಮಾಡುವುದು ಇದನ್ನೇ, ನನ್ನ ಬೆನ್ನು ಮಾಡುತ್ತಿದ್ದದ್ದೂ ಇದನ್ನೇ. ಅವು ಸದ್ದಿಲ್ಲದೆ ಮಾಡುತ್ತವೆ.

ಮೆಟ್ಟಿಲ ಮೇಲೆ ಕೂತೆ. ನಿದ್ದೆ ಬರಲಿಲ್ಲ, ಆದರೆ ನಿದ್ದೆ ಬರುತ್ತಿಲ್ಲ ಅನ್ನುವ ಕಿರಿಕಿರಿ ಹೋಯಿತು. ಬೆಳಕು ಹರಿಯುವ ಮೊದಲೇ ಕೆಲಸಕ್ಕೆ ಇಳಿದೆ.

ಬೇಸಿಗೆಯ ತೋಟ ಬೆಳಗಿನ ಮೊದಲ ಎರಡು ತಾಸಿನದು. ಆಗಲೇ ನೀರು ಹಾಕಬೇಕು, ಬುಡಕ್ಕೆ, ನಿಧಾನವಾಗಿ, ಆಳಕ್ಕೆ ಇಳಿಯುವಂತೆ. ಮೇಲುಮೇಲೆ ಚಿಮುಕಿಸಿದರೆ ಬೇರೂ ಮೇಲುಮೇಲೆಯೇ ಉಳಿದು ಮಧ್ಯಾಹ್ನ ಸುಡುತ್ತದೆ. ಆ ದಿನ ಮಾಡಿದ ದೊಡ್ಡ ಕೆಲಸ ಒಣಎಲೆ ಹೊದಿಸಿದ್ದು. ಎರಡು ಮೂರು ಅಂಗುಲ ದಪ್ಪ, ಕಾಂಡಕ್ಕೆ ತಾಗದಂತೆ ಸುತ್ತ ನಾಲ್ಕು ಬೆರಳು ಜಾಗ ಬಿಟ್ಟು. ತಾಗಿದರೆ ಕಾಂಡ ಕೊಳೆಯುತ್ತದೆ. ಬುಟ್ಟಿಯಿಂದ ಎಲೆ ಹಿಡಿ ಹಿಡಿ ತೆಗೆದು ಹರಡುವಾಗ ಆಗುವ ಚರಪರ ಸದ್ದು ನನಗೆ ತುಂಬ ಇಷ್ಟ. ಕೆಳಗಿನ ಎಲೆಗಳಿಗೆ ಅಣಬೆಯ ವಾಸನೆ. ಗುಲಾಬಿಯ ಬುಡದಲ್ಲಿ ಕೈಗವಸು ಹಾಕದ ತಪ್ಪಿಗೆ ಹೆಬ್ಬೆರಳಿಗೆ ಮುಳ್ಳು ಇಳಿಯಿತು. ಟೆಟನಸ್ ಚುಚ್ಚುಮದ್ದು ಹತ್ತು ವರ್ಷಕ್ಕೊಮ್ಮೆ ಹಾಕಿಸಬೇಕೆಂದು ಮಕ್ಕಳಿಗೆ ನೆನಪಿಸುವ ನನಗೆ ನನ್ನದು ಯಾವಾಗ ಆಗಿದ್ದೆಂದು ನೆನಪಿಲ್ಲ. ಅದನ್ನೂ ಡಾಕ್ಟರ ಚೀಟಿಯ ಹಿಂದೆ ಬರೆದುಕೊಂಡೆ, ಕೇಳಬೇಕಾದ ಇನ್ನೊಂದು ಪ್ರಶ್ನೆಯ ಕೆಳಗೆ.

ಟೊಮೇಟೊ ಈ ಸಲ ಹೂ ಬಿಡುತ್ತದೆ, ಕಾಯಿ ಕಟ್ಟುವುದಿಲ್ಲ. ಹಗಲು 35 ಡಿಗ್ರಿ ದಾಟಿ, ರಾತ್ರಿಯೂ ತಂಪಾಗದಿದ್ದರೆ ಅದರ ಪರಾಗ ಕೆಲಸಕ್ಕೆ ಬರುವುದಿಲ್ಲ, ಹೂ ಉದುರಿಹೋಗುತ್ತದೆ. ಹಗಲಿನ ಬಿಸಿಯ ಜೊತೆ ರಾತ್ರಿಯ ಬಿಸಿಯೂ ಸೇರಿ ಅದನ್ನು ಸೋಲಿಸುತ್ತದೆ. ಗೊಬ್ಬರ ಸುರಿದರೆ ಏನೂ ಪ್ರಯೋಜನವಿಲ್ಲ. ನೆರಳುಬಟ್ಟೆ ಕಟ್ಟಿ, ಹವೆ ತಿರುಗುವವರೆಗೆ ಸುಮ್ಮನಿರಬೇಕು.

ಸುಮ್ಮನಿರುವುದನ್ನು ನಾನು ಕಲಿತದ್ದು ಒಂದು ಕೊಲೆ ಮಾಡಿ. ತೋಟ ಮಾಡಿದ ಮೊದಲ ಬೇಸಿಗೆ, ಮಧ್ಯಾಹ್ನ ಒಂದು ಗಂಟೆಗೆ ಕಿಟಕಿಯಲ್ಲಿ ನೋಡಿದರೆ ಸೌತೆಬಳ್ಳಿಯ ಎಲೆಗಳೆಲ್ಲ ಒದ್ದೆ ಬಟ್ಟೆಯ ಹಾಗೆ ಜೋತುಬಿದ್ದಿದ್ದವು. ಸತ್ತೇಹೋಯಿತೆಂದು ಓಡಿ ಕೊಡಗಟ್ಟಲೆ ನೀರು ಸುರಿದೆ. ಮರುದಿನವೂ ಹಾಗೇ, ಮತ್ತೆ ಸುರಿದೆ. ಎರಡನೆಯ ವಾರಕ್ಕೆ ಬೇರು ಕೊಳೆತು ಬಳ್ಳಿ ನಿಜವಾಗಿಯೇ ಸತ್ತಿತು. ಸಸ್ಯಶಾಸ್ತ್ರದಲ್ಲಿ ಪದವಿ ಮಾಡಿದವಳು ನಾನು! ನಡುಹಗಲಲ್ಲಿ ಎಲೆ ನೀರು ಕಳೆದುಕೊಳ್ಳುವ ವೇಗಕ್ಕೆ ಬೇರು ಒದಗಿಸಲಾರದು. ಜೀವಕೋಶಗಳ ಬಿಗಿ ಸಡಿಲಿ ಎಲೆ ಬಾಗುತ್ತದೆ, ಬಾಗಿದ ಎಲೆಗೆ ಬಿಸಿಲು ನೇರ ಬೀಳುವುದೂ ತಪ್ಪುತ್ತದೆ. ಮಣ್ಣಿಗೆ ಎರಡು ಅಂಗುಲ ಬೆರಳು ಇಳಿಸಿ ನೋಡಬೇಕು. ಒಳಗೆ ತೇವವಿದ್ದರೆ ಅದರ ಪಾಡಿಗೆ ಬಿಡಬೇಕು, ಐದಕ್ಕೆ ಅದೇ ಎದ್ದು ನಿಲ್ಲುತ್ತದೆ. ಬೆಳಿಗ್ಗೆಯೂ ಜೋತುಬಿದ್ದಿದ್ದರೆ ಅದು ಬೇರೆ ಕತೆ, ಆಗ ನಿಜಕ್ಕೂ ತೊಂದರೆ.

ಆ ದಿನವೂ ಒಂದು ಗಂಟೆಗೆ ಸೌತೆಬಳ್ಳಿ ಬಾಗಿತು. ನಾನೂ ನೆಲದ ಮೇಲೆ ಅಂಗಾತ ಮಲಗಿದ್ದೆ. ಪರಸ್ಪರ ನೋಡಿಕೊಂಡು ಸುಮ್ಮನಾದೆವು.

ಹಿತ್ತಲ ಗಿಡ ಮದ್ದಲ್ಲ ಅನ್ನುವ ಗಾದೆಯನ್ನು ಎಲ್ಲರೂ ವ್ಯಂಗ್ಯವಾಗಿ ಹೇಳುತ್ತಾರೆ. ನಾನು ನೇರವಾಗಿಯೇ ಹೇಳುತ್ತೇನೆ, ಇದು ಮದ್ದಲ್ಲ. ಮಣ್ಣು ಮುಟ್ಟಿದರೆ ಹಾರ್ಮೋನು ಸರಿಹೋಗುತ್ತದೆ ಅಂತ ನನಗೂ ದಿನಕ್ಕೆರಡು ಸಂದೇಶ ಬರುತ್ತವೆ. ನನ್ನ ಧಗೆ ಒಂದೂ ಕಡಿಮೆಯಾಗಿಲ್ಲ, ರಕ್ತ ಏರುತ್ತಿರುವುದು ಮಾತ್ರೆಯಿಂದ. ಧಗೆ ತಡೆಯಲಾರದಷ್ಟಾದರೆ ಅದಕ್ಕೂ ಚಿಕಿತ್ಸೆಯಿದೆ, ಬನ್ನಿ ಅಂದಿದ್ದಾರೆ ಡಾಕ್ಟರು. 2011ರಲ್ಲಿ ನೆದರ್ಲೆಂಡ್ಸ್‌ನ ಒಂದು ಪ್ರಯೋಗ ಪ್ರಕಟವಾಗಿತ್ತು: ತೋಟದ ಅಭ್ಯಾಸವಿರುವ 30 ಜನರಿಗೆ ಮೊದಲು ತಲೆ ಕೆಡಿಸುವ ಕೆಲಸ ಕೊಟ್ಟು, ಆಮೇಲೆ ಅರ್ಧ ಗಂಟೆ ಕೆಲವರನ್ನು ತೋಟಕ್ಕೆ ಬಿಟ್ಟರು, ಉಳಿದವರನ್ನು ಒಳಗೆ ಓದಲು ಕೂರಿಸಿದರು. ಒತ್ತಡದ ಹಾರ್ಮೋನು ಕಾರ್ಟಿಸೋಲ್ ಇಬ್ಬರಲ್ಲೂ ಇಳಿಯಿತು, ತೋಟದವರಲ್ಲಿ ಹೆಚ್ಚು ಇಳಿಯಿತು. ಮೂವತ್ತೇ ಜನ, ಅದೂ ಮೊದಲೇ ಗಿಡದ ಹುಚ್ಚಿನವರು, ಹಾಗಾಗಿ ಅದನ್ನು ಬ್ರಹ್ಮಲಿಪಿ ಅನ್ನಲಾರೆ. ಆದರೆ ಆ ಅರ್ಧ ಗಂಟೆ ಎಂಥದ್ದೆಂದು ನನಗೆ ಗೊತ್ತು. ಗಿಡದ ಮುಂದೆ ಕುಕ್ಕರಗಾಲಲ್ಲಿ ಕೂತ ಹೆಂಗಸಿನ ಹತ್ತಿರ ಯಾರೂ ಏನೂ ಕೇಳಲು ಬರುವುದಿಲ್ಲ. ಅದೇ ಹೆಂಗಸು ಸುಮ್ಮನೆ ಕುರ್ಚಿಯಲ್ಲಿ ಕೂತರೆ ಐದು ನಿಮಿಷಕ್ಕೆ ಎಲ್ಲರಿಗೂ ಏನೋ ಬೇಕಾಗುತ್ತದೆ.

ನಾಲ್ಕೂವರೆಗೆ ಸಂಜೆಮಲ್ಲಿಗೆಯ ಹತ್ತಿರ ಹೋದೆ. ಗಿಡ ಬಂದದ್ದು ಅಮ್ಮನ ಮನೆಯಿಂದ. ಕಾಳುಮೆಣಸನ್ನೇ ಹೋಲುವ ಬೀಜ, ಅಡುಗೆಮನೆಯ ಹತ್ತಿರ ಇಡಬಾರದು, ವಿಷ. ಎಲೆಗಳ ಮೇಲೆ ಸುಣ್ಣ ಸಿಡಿದಂತೆ ಬಿಳಿ ಮಚ್ಚೆ. ಒಂದೊಂದು ಕೊಂಬೆ ಪೂರ್ತಿ ಹಸಿರು, ಒಂದೊಂದು ಪೂರ್ತಿ ಬಿಳಿ. 1909ರಲ್ಲಿ ಕಾರ್ಲ್ ಕೊರೆನ್ಸ್ ಅನ್ನುವ ಜರ್ಮನ್ ವಿಜ್ಞಾನಿ ಇಂಥದೇ ಗಿಡಗಳನ್ನು ಕೂಡಿಸಿ ನೋಡಿ ಒಂದು ವಿಚಿತ್ರ ಕಂಡುಕೊಂಡ. ಪರಾಗ ಯಾವ ಕೊಂಬೆಯಿಂದ ಬಂದರೂ ಸರಿ, ಬೀಜ ಯಾವ ಕೊಂಬೆಯಲ್ಲಿ ಕಟ್ಟಿತೋ ಸಸಿಯ ಎಲೆಯ ಬಣ್ಣ ಅದರದ್ದೇ. ಎಲೆಗೆ ಹಸಿರು ಕೊಡುವ ಕಣಗಳು ಇಲ್ಲಿ ತಾಯಿಯ ಕಡೆಯಿಂದ ಮಾತ್ರ ಬರುತ್ತವೆ. ಪದವಿಯ ಕೊನೆಯ ವರ್ಷದ ಪರೀಕ್ಷೆಗೆ ಇದನ್ನೇ ರಾತ್ರಿ ಹನ್ನೆರಡರವರೆಗೆ ಕೂತು ಬಾಯಿಪಾಠ ಮಾಡಿದ್ದೆ.

ಆ ಹೊತ್ತಿನಲ್ಲಿ ಅಮ್ಮ ಕಿಟಕಿಯ ಹೊರಗೆ ಗಿಡಕ್ಕೆ ನೀರು ಹಾಕುತ್ತಿದ್ದಳು. ದಿನಾ. ಅಮ್ಮನ ಗಿಡದ ಹುಚ್ಚು ಅಂತ ಮನೆಯಲ್ಲಿ ತಮಾಷೆ. ನಾನಂತೂ ಓದಿದವಳ ಠೀವಿಯಲ್ಲಿ, “ರಾತ್ರಿ ಎಲೆ ಒದ್ದೆಯಾದ್ರೆ ಬೂಷ್ಟು ಹಿಡಿಯುತ್ತೆ, ಬೆಳಿಗ್ಗೆ ಹಾಕು” ಅಂತ ಪಾಠ ಹೇಳಿದ್ದೆ. “ಹಿಡೀಲಿ ಬಿಡು” ಅಂದಿದ್ದಳು.

ಮೊಗ್ಗುಗಳು ಮಡಿಸಿದ ಕೊಡೆಯ ಹಾಗೆ ಸುರುಳಿ ಸುತ್ತಿ ನಿಂತಿದ್ದವು. ಬಿಸಿಲು ಇಳಿದು ಒಂದು ಸುಳಿ ತಂಪು ಗಾಳಿ ಬಂದದ್ದೇ ತಡ, ಒಂದರ ಸುತ್ತು ಸಡಿಲಿತು. ಅಂಚು ಮೊದಲು ಸುಕ್ಕುಸುಕ್ಕಾಗಿ ಬಿಚ್ಚಿ, ಆಮೇಲೆ ನಿಧಾನವಾಗಿ ನೆಟ್ಟಗಾಗುತ್ತದೆ. ಕೇಸರಗಳು ಒಳಗಿನಿಂದ ಚಿಮ್ಮಿ ಹೊರಗೆ ಬಾಗುತ್ತವೆ. ನಾವು ದಳ ಅಂದುಕೊಳ್ಳುವುದು ಅಸಲಿಗೆ ದಳವೇ ಅಲ್ಲ, ಬಣ್ಣ ಬಂದ ಪುಷ್ಪಪಾತ್ರೆ, ಅಂದರೆ ಹೂವಿನ ಹೊರಸುತ್ತು. ದಳ ಈ ಹೂವಿಗಿಲ್ಲ. ಕತ್ತಲಾದ ಮೇಲೆ ಉದ್ದ ನಾಲಿಗೆಯ ಪತಂಗಗಳು ಬರುತ್ತವೆ, ಆ ಪರಿಮಳವೆಲ್ಲ ಅವಕ್ಕೆ. ಬೆಳಿಗ್ಗೆ ಬಿಸಿಲೇರುವ ಹೊತ್ತಿಗೆ ಹೂ ಮುದುಡಿರುತ್ತದೆ.

ಅಷ್ಟರಲ್ಲಿ ನನಗೆ ಮತ್ತೊಂದು ಝಳ. ಕಿವಿ ಬಿಸಿ, ಕತ್ತು ಒದ್ದೆ. ಪಕ್ಕದ ಬಕೆಟ್ಟಿಗೆ ಮೊಣಕೈವರೆಗೆ ಕೈ ಅದ್ದಿ ಕೂತೆ. ಕೈ ನೀರೊಳಗಿದ್ದಾಗಲೇ ತಲೆಯಲ್ಲಿ ಒಂದು ಲೆಕ್ಕ ತಾನಾಗಿ ನಡೆಯಿತು. ನಾನು ಆ ಪರೀಕ್ಷೆ ಬರೆದಾಗ ನನಗೆ 21. ಅಮ್ಮನಿಗೆ 47.

ಒದ್ದೆ ಕೈಯಲ್ಲೇ ಫೋನ್ ಮಾಡಿದೆ.

“ಅಮ್ಮಾ, ನಾನು ಕೊನೇ ವರ್ಷ ಓದ್ತಿದ್ದಾಗ ನೀನು ರಾತ್ರಿ ಗಿಡಕ್ಕೆ ನೀರು ಹಾಕ್ತಿದ್ದೆಯಲ್ಲ...”

ಸ್ವಲ್ಪ ಹೊತ್ತು ಅತ್ತಲಿಂದ ಸದ್ದಿಲ್ಲ. ಆಮೇಲೆ, “ನಿನಗೂ ಶುರುವಾಯ್ತಾ?”

“ಹ್ಞೂಂ.”

“ಎಷ್ಟು ದಿನ ಆಯ್ತು?”

“ನಾಲ್ಕು ತಿಂಗಳು. ನಿನಗೆ ಎಷ್ಟು ದಿನ ಇತ್ತು?”

“ದಿನ ಎಲ್ಲಿ ಎಣಿಸ್ಲಿ. ಆರು ಬೇಸಿಗೆ. ನಿನ್ನ ಪರೀಕ್ಷೆ ಮುಗಿದ ವರ್ಷವೇ ಪೂರ್ತಿ ನಿಂತಿದ್ದು, ಅದು ನೆನಪಿದೆ. ಧಗೆ ಮಾತ್ರ ನಿಲ್ಲಲಿಲ್ಲ.”

ಚೀಟಿಯ ಹಿಂದೆ 47 ಅಂತ ಬರೆದೆ. ನೀರು ಬಿದ್ದು ಏಳು ಸ್ವಲ್ಪ ಹರಡಿತು.

“ಮತ್ತೆ ನಾನು ಬೂಷ್ಟು ಅಂತ ಬೈದಾಗ ಹೇಳಬಾರದಿತ್ತಾ?”

“ಏನಂತ ಹೇಳ್ಲಿ? ನೀರು ಹಾಕ್ಕೊಳ್ತಿದ್ದದ್ದು ಕಾಲಿಗೆ ಕಣೆ. ಪೈಪು ಹಿಡ್ಕೊಂಡು ನಿಂತಿದ್ರೆ ಯಾರೂ ಕೇಳ್ತಿರಲಿಲ್ಲ.”

“ಗಿಡಕ್ಕೆ?”

“ಅದಕ್ಕೂ ಒಂಚೂರು ಬೀಳ್ತಿತ್ತು.”