ಗಿರಿಯಲ್ಲಿ ಬೆಂಕಿ ಕಾಲ

ಮುಳ್ಳಯ್ಯನಗಿರಿ ಕಡೆಯ ಒಂದು ಗುಡ್ಡದ ಮನೆಯಲ್ಲಿದ್ದೇನೆ. ಮಾರ್ಚ್ ಬಿಸಿಲು. ಹುಲ್ಲು ಮುಟ್ಟಿದರೆ ಪುಡಿಪುಡಿ. ಎದುರು ಗುಡ್ಡದ ಮೇಲೆ ಕಪ್ಪು ಪಟ್ಟಿಯೊಂದು ಎಳೆದಿದೆ, ಬೆಂಕಿ ರೇಖೆ. ಬೇಸಿಗೆ ಏರುವ ಮೊದಲೇ ಅರಣ್ಯ ಇಲಾಖೆಯವರು ಅಷ್ಟಗಲ ಹುಲ್ಲು ಸುಟ್ಟುಬಿಡುತ್ತಾರೆ, ಕಿಚ್ಚು ದಾಟಬಾರದು ಅಂತ. ದಾಟಿದರೆ ಫೈರ್ ವಾಚರ್‌ಗಳು ಹಸಿ ಸೊಪ್ಪಿನ ಕೊಂಬೆಯಿಂದ ಬಡಿದು ಬಡಿದು ಆರಿಸಬೇಕು. ಈ ಇಳಿಜಾರಿಗೆ ಫೈರ್ ಇಂಜಿನ್ ಎಲ್ಲಿ ಹತ್ತುತ್ತೆ, ಅಲ್ವಾ?

ನಮ್ಮ ಕಾಡಿನ ಬೆಂಕಿ ಬಹುಪಾಲು ಮನುಷ್ಯರಿಂದಲೇ ಹತ್ತುವಂಥದ್ದು. 2019ರ ಫೆಬ್ರವರಿಯಲ್ಲಿ ಬಂಡೀಪುರದಲ್ಲಿ ಸಾವಿರಾರು ಎಕರೆ ಸುಟ್ಟುಹೋಯಿತು. ಹುಲ್ಲು ಮಳೆ ಬಿದ್ದರೆ ಚಿಗುರುತ್ತದೆ. ಕಣಿವೆಯಲ್ಲಿನ ಶೋಲಾ, ಅಂದರೆ ಗುಡ್ಡಗಳ ನಡುವಿನ ನಿತ್ಯಹಸಿರು ಕಾಡಿನ ಮರಗಳು ಹಾಗಲ್ಲ, ಕಾಡಿನ ಅಂಚು ಸುಟ್ಟರೆ ಮತ್ತೆ ಬೆಳೆಯೋದು ತುಂಬಾ ನಿಧಾನ.

ನಿನ್ನೆ ರಾತ್ರಿ ಪಕ್ಕದಲ್ಲಿ ಯಾರೋ ಕ್ಯಾಂಪ್‌ಫೈರ್‌ಗೆ ಸೌದೆ ಜೋಡಿಸುತ್ತಿದ್ದರು. ಹೋಗಿ ಬೇಡ ಅಂದೆ, ಕೇಳಿದರು. ಈ ತಿಂಗಳು ಗುಡ್ಡಕ್ಕೆ ಬರುವವರು ದಯವಿಟ್ಟು ಬೆಂಕಿಪೊಟ್ಟಣ ಊರಲ್ಲೇ ಬಿಟ್ಟು ಬನ್ನಿ.