ಅಳೆಯುವ ಹಲಗೆಯ ಮೇಲೆ ಮಗಳು

ಈ ವಾರ ಅಂಗನವಾಡಿಯಲ್ಲಿ ಮಕ್ಕಳ ಎತ್ತರ, ತೂಕ ಬರೆದುಕೊಳ್ಳುತ್ತಿದ್ದರು. ನಾಲ್ಕು ವರ್ಷದ ನನ್ನ ಮಗಳು ನಿಲ್ಲಲಾರಳಾದ್ದರಿಂದ, ಎಳೆಯ ಕೂಸುಗಳ ಉದ್ದ ಅಳೆಯುವ ಹಲಗೆಯ ಮೇಲೆ ಅವಳನ್ನು ಮಲಗಿಸಿದೆ. ಟೀಚರ್ ಅವಳ ಕಾಲಿನತ್ತ ಕೈ ಚಾಚುತ್ತ, "ಮೊಣಕಾಲು ಒತ್ತಿ ಹಿಡ್ಕೊಳ್ಳಿ ಸರ್, ಇಲ್ಲಾಂದ್ರೆ ಅಳತೆ ಸರಿ ಬರಲ್ಲ" ಎಂದರು. ನಾನು ಬಾಯಿ ತೆರೆಯುವ ಮೊದಲೇ ಮಗಳು, "ಮುಟ್ಟಬೇಡಿ ಟೀಚರ್, ನಾನೇ ಚಾಚ್ತೀನಿ" ಎಂದಳು. ತುಟಿ ಬಿಗಿಹಿಡಿದು, ಬಿಲ್ಲಿನಂತೆ ಬಾಗಿದ ಎಡಗಾಲನ್ನು ಅದು ಹೋಗುವಷ್ಟು ದೂರ ತಾನೇ ಚಾಚಿದಳು.

ಟೀಚರ್ ಮೇಲೆ ನನಗೆ ಕೋಪವಿಲ್ಲ. ಆರೋಗ್ಯವಂತ ಮಗುವನ್ನು ಮಲಗಿಸಿ ಅಳೆಯುವ ಸರಿಯಾದ ಕ್ರಮ ಅದೇ, ಅವರಿಗೆ ಕಲಿಸಿರುವುದೂ ಅದನ್ನೇ. ಆದರೆ ನನ್ನ ಮಗಳಂತೆ ಆಸ್ಟಿಯೋಜೆನೆಸಿಸ್ ಇಂಪರ್ಫೆಕ್ಟಾ, ಅಂದರೆ ಮೂಳೆಗಳು ಸುಲಭವಾಗಿ ಮುರಿಯುವ ಹುಟ್ಟುಕಾಯಿಲೆ ಇರುವ ಮಗುವಿನ ತೊಡೆಯ ಮೂಳೆ ಮುರಿಯಲು ಅಷ್ಟು ಒತ್ತಡವೇ ಸಾಕಾಗಬಹುದು. ಅದು ನಾಲ್ಕು ವರ್ಷದ ಮಗುವಿಗೆ ಗೊತ್ತಿದೆ, ದೊಡ್ಡವರಿಗೆ ತಿಳಿಸಿ ಹೇಳುವ ಹೊಣೆಯೂ ಅವಳ ಮೇಲೇ ಬಿದ್ದಿದೆ ಎಂಬುದು ನನ್ನನ್ನು ಈಗಲೂ ಕಲಕುತ್ತಿದೆ. "ನಾನೇ ಚಾಚ್ತೀನಿ" ಎಂದ ಆ ದನಿಯಲ್ಲಿ ಅಳು ಇರಲಿಲ್ಲ, ಅಪ್ಪಣೆ ಇತ್ತು.

ನನಗೆ ಬೇಸರವಾದದ್ದು ಮೇಲ್ವಿಚಾರಕಿಯ ಮಾತಿನಿಂದ. ಮೊಬೈಲಿನಲ್ಲಿ ಮೂಡಿದ "ತೀವ್ರ ಕುಂಠಿತ" ಎಂಬ ಫಲಿತಾಂಶ ನೋಡಿ, ಮಗುವಿನತ್ತ ಕಣ್ಣೆತ್ತಿಯೂ ನೋಡದೆ, "ಮಗೂಗೆ ಹೊಟ್ಟೆ ತುಂಬ ಊಟ ಹಾಕ್ತೀರಾ ಇಲ್ವಾ?" ಎಂದು ನನ್ನ ಹೆಂಡತಿಯನ್ನು ಎಲ್ಲರೆದುರು ಕೇಳಿದರು. ಮಗುವಿನ ಎತ್ತರ ಕಡಿಮೆಯಾದರೆ ತಾಯಿಯನ್ನೇ ಪ್ರಶ್ನಿಸುವ ಈ ರೂಢಿ ಕ್ರೂರವಾದದ್ದು.

ಈ ಕಾಯಿಲೆಯಲ್ಲಿ ಹೆಚ್ಚಾಗಿ ದೋಷವಿರುವುದು ಮೂಳೆಗೆ ಗಟ್ಟಿತನ ಕೊಡುವ ಕೊಲಾಜೆನ್ ಎಂಬ ಪ್ರೋಟೀನ್‌ನಲ್ಲಿ. ಸೌಮ್ಯ ವಿಧದ ಮಕ್ಕಳು ಹೆಚ್ಚುಕಡಿಮೆ ಎಲ್ಲರಷ್ಟೇ ಬೆಳೆಯುತ್ತಾರೆ. ನನ್ನ ಮಗಳಿಗಿರುವ ಮೂರನೆಯ ವಿಧದಲ್ಲಿ ಮೂಳೆಯ ತುದಿಯ ಬೆಳವಣಿಗೆಯೇ ಕುಗ್ಗುತ್ತದೆ, ಕೈಕಾಲು ಬಾಗುತ್ತವೆ, ಬೆನ್ನುಮೂಳೆಯ ಮಣಿಗಳು ಜಜ್ಜಿಹೋಗುತ್ತವೆ. ಇದನ್ನು ಹಾಲು, ಮೊಟ್ಟೆಗಳಿಂದ ಸರಿಪಡಿಸಲಾಗದು. ತಲೆಯ ಸುತ್ತಳತೆ ಮಾತ್ರ ಬಹುಮಟ್ಟಿಗೆ ವಯಸ್ಸಿಗೆ ತಕ್ಕಂತೆ ಇರುವುದರಿಂದ, ಚಿಕ್ಕ ಮೈಯ ಮೇಲೆ ಅದು ದೊಡ್ಡದಾಗಿ ಕಾಣುತ್ತದೆ, ಜನ ಅದಕ್ಕೂ ಒಂದು ಮಾತು ಸೇರಿಸುತ್ತಾರೆ. ಇನ್ನು ಎತ್ತರ ಅಷ್ಟೊಂದು ಕಡಿಮೆಯಿದ್ದಾಗ, ಎತ್ತರಕ್ಕೆ ಹೋಲಿಸಿದ ತೂಕದ ಲೆಕ್ಕ ತಲೆಕೆಳಗಾಗುತ್ತದೆ: ಒಂದು ಕಾಲಂನಲ್ಲಿ ಕುಂಠಿತ ಎನಿಸಿಕೊಂಡ ಮಗುವೇ ಪಕ್ಕದ ಕಾಲಂನಲ್ಲಿ ದಪ್ಪ ಎನಿಸಿಕೊಳ್ಳುತ್ತದೆ.

ಅಂಗನವಾಡಿಯಲ್ಲಿ ಬಳಸುವ ವಿಶ್ವ ಆರೋಗ್ಯ ಸಂಸ್ಥೆಯ 2006ರ ಮಾನದಂಡಗಳನ್ನು ದೆಹಲಿಯೂ ಸೇರಿದಂತೆ ಆರು ದೇಶಗಳ ಆರು ಕಡೆ ಆರೋಗ್ಯವಂತ ಮಕ್ಕಳನ್ನು ಅಳೆದು ರೂಪಿಸಿದ್ದಾರೆ. ಅವು ಒಳ್ಳೆಯ ಮಾನದಂಡಗಳೇ, ಆದರೆ ನನ್ನ ಮಗಳು ಆ ರೇಖೆಗಳ ಕೆಳಗೇ ಉಳಿಯುವವಳು. ಈ ಕಾಯಿಲೆಯ ಮಕ್ಕಳಿಗೆಂದೇ ತಯಾರಿಸಿದ ಬೆಳವಣಿಗೆಯ ರೇಖೆಗಳು ಉತ್ತರ ಅಮೆರಿಕದ ಮಕ್ಕಳನ್ನು ಆಧರಿಸಿ 2019ರಲ್ಲಿ ಪ್ರಕಟವಾಗಿವೆ. ನಮ್ಮ ವೈದ್ಯರು ಅವುಗಳ ಜೊತೆಗೆ ಅವಳ ಹಿಂದಿನ ಅಳತೆಗಳನ್ನೂ ಇಟ್ಟು ನೋಡುತ್ತಾರೆ.

ಹಾಗೆಂದು ಅಳೆಯುವುದೇ ಬೇಡ ಎನ್ನಲಾರೆ. ಮೂಳೆ ಗಟ್ಟಿಮಾಡುವ ಡ್ರಿಪ್‌ನ ಔಷಧ ನಿಗದಿಯಾಗುವುದೇ ಮೈತೂಕದ ಮೇಲೆ, ಕಿಲೋ ಲೆಕ್ಕದಲ್ಲಿ. ತೂಕ ಅತಿಯಾದರೆ ಆ ಮೂಳೆಗಳಿಗೂ ಹೊರೆ. ಅದಕ್ಕೇ ಒಂದು ಕೈ ತಲೆ, ಭುಜಗಳಡಿ, ಇನ್ನೊಂದು ಕೈ ಪೃಷ್ಠದಡಿ ಕೊಟ್ಟು ಅವಳನ್ನೆತ್ತಿಕೊಂಡು ನಾನೇ ತೂಕದ ಯಂತ್ರದ ಮೇಲೆ ನಿಂತು, ಬಳಿಕ ನನ್ನ ತೂಕ ಕಳೆಯುತ್ತೇನೆ. ಕಂಕುಳಲ್ಲಿ ಕೈ ಹಾಕಿ ಅವಳನ್ನು ಯಾರೂ ಎತ್ತುವಂತಿಲ್ಲ. ಉದ್ದವನ್ನು ಎಳೆಯದೆ, ಒತ್ತದೆ, ಬಾಗಿದ ಕಾಲನ್ನು ತುಂಡುತುಂಡಾಗಿ ಟೇಪಿನಿಂದ ಅಳೆದು ಕೂಡಿಸಿಕೊಳ್ಳಬಹುದು.

ಮುಂದಿನ ಡ್ರಿಪ್‌ಗೆ ಹೋದಾಗ, ಕಾಯಿಲೆಯ ಹೆಸರು, ಎತ್ತುವ ಬಗೆ, ಅಳೆಯುವ ಕ್ರಮ ಇವಿಷ್ಟನ್ನೂ ಕನ್ನಡದಲ್ಲಿ ಬರೆದು ಸಹಿ ಹಾಕಿದ ಒಂದು ಪತ್ರವನ್ನು ವೈದ್ಯರಲ್ಲಿ ಕೇಳುವವನಿದ್ದೇನೆ. ಅದರ ಒಂದು ಪ್ರತಿ ಟೀಚರ್‌ಗೆ, ಇನ್ನೊಂದು ಮೇಲ್ವಿಚಾರಕಿಗೆ.