ಬೇಯೂ ಕಸೂತಿಯ ಬಾಲಚುಕ್ಕಿ: ಐದನೇ ತಿಂಗಳ ಲೆಕ್ಕ

ಹೋದ ಸಲ ಬರೆದಾಗ ಬಟ್ಟೆಯ ಮೇಲೆ ಪೆನ್ಸಿಲ್ ಗೆರೆ ಮಾತ್ರ ಇತ್ತು. ಈಗ ಇಂಗ್ಲೆಂಡಿನ ರಾಜ ಹೆರಾಲ್ಡ್ ಸಿಂಹಾಸನದ ಮೇಲೆ ಕೂತಿದ್ದಾನೆ. ಪಕ್ಕದಲ್ಲಿ ಚರ್ಚಿನ ಹಿರಿಯ ಗುರು ಆರ್ಚ್‌ಬಿಷಪ್ ಸ್ಟಿಗಾಂಡ್ ನಿಂತಿದ್ದಾನೆ. ಬಲಗಡೆ ಒಂದು ಗುಂಪು ಬೆರಳು ಎತ್ತಿ ಆಕಾಶ ತೋರಿಸುತ್ತಿದೆ, ಆದರೆ ಅವರು ತೋರಿಸುತ್ತಿರುವ ಬಾಲಚುಕ್ಕಿ ಇನ್ನೂ ಅರ್ಧಕ್ಕೇ ನಿಂತಿದೆ.

ಮೊದಲ ಸಲ ಓದುತ್ತಿರುವವರಿಗೆ ಸ್ವಲ್ಪ ಹಿನ್ನೆಲೆ. ಬೇಯೂ ಟ್ಯಾಪೆಸ್ಟ್ರಿ ಅಂತ ಹೆಸರಿದ್ದರೂ ಅದು ಮಗ್ಗದಲ್ಲಿ ನೇಯ್ದದ್ದಲ್ಲ. ಲಿನನ್ ಬಟ್ಟೆಯ ಮೇಲೆ ಉಣ್ಣೆ ದಾರದಲ್ಲಿ ಹಾಕಿದ ಕಸೂತಿ. ಉದ್ದ ಸುಮಾರು 70 ಮೀಟರ್, ಎತ್ತರ ಸುಮಾರು ಅರ್ಧ ಮೀಟರ್. ಈಗಿನ ಫ್ರಾನ್ಸಿನಲ್ಲಿರುವ ನಾರ್ಮಂಡಿಯ ಡ್ಯೂಕ್ ವಿಲಿಯಂ 1066ರಲ್ಲಿ ಹೆರಾಲ್ಡ್‌ನನ್ನು ಸೋಲಿಸಿ ಇಂಗ್ಲೆಂಡ್ ಗೆದ್ದ ಕತೆ ಅದರಲ್ಲಿದೆ. ಮಾಡಿಸಿದವನು ವಿಲಿಯಂನ ಮಲತಮ್ಮ, ನಾರ್ಮಂಡಿಯ ಬೇಯೂ ಊರಿನ ಬಿಷಪ್ ಓಡೋ ಇರಬೇಕು, ಹೊಲಿದದ್ದು ಮಾತ್ರ ಇಂಗ್ಲೆಂಡಿನಲ್ಲಿ, ಬಹುಶಃ ಕ್ಯಾಂಟರ್ಬರಿಯಲ್ಲಿ ಅನ್ನುವುದು ಹೆಚ್ಚಿನ ಪಂಡಿತರ ಅಭಿಪ್ರಾಯ. ಅದರಲ್ಲಿ ನಾನು ಹಿಡಿದಿರುವುದು ಒಂದೇ ದೃಶ್ಯ: ಹೆರಾಲ್ಡ್ ರಾಜನಾದದ್ದು ಮತ್ತು ಬಾಲಚುಕ್ಕಿ ಕಂಡದ್ದು. ಮೂಲದಷ್ಟೇ ಎತ್ತರದಲ್ಲಿ ಮಾಡುತ್ತಿದ್ದೇನೆ.

ನಾನಿರುವುದು ಇಂಗ್ಲೆಂಡಿನ ರೆಡಿಂಗ್‌ನಲ್ಲಿ. ಇಲ್ಲಿನ ಮ್ಯೂಸಿಯಂನಲ್ಲಿ ಈ ಕಸೂತಿಯ ಪೂರ್ತಿ ಉದ್ದದ ಒಂದು ನಕಲಿದೆ. ಸ್ಟಾಫರ್ಡ್‌ಶೈರ್‌ನ ಲೀಕ್ ಅನ್ನುವ ಊರಿನಲ್ಲಿ ಎಲಿಜಬೆತ್ ವಾರ್ಡಲ್ 1885ರಲ್ಲಿ ಮೂವತ್ತೈದಕ್ಕೂ ಹೆಚ್ಚು ಹೆಂಗಸರನ್ನು ಸೇರಿಸಿ ಅದನ್ನು ಶುರು ಮಾಡಿದಳು. ಮರುವರ್ಷವೇ ಮುಗಿಸಿ ಪ್ರದರ್ಶನಕ್ಕೆ ಇಟ್ಟರು. ಆಕೆಯ ಗಂಡ ಥಾಮಸ್ ವಾರ್ಡಲ್ ಬಣ್ಣ ಹಾಕುವ ಉದ್ಯಮಿ, ನಮ್ಮ ದೇಶದ ಟಸರ್ ರೇಷ್ಮೆಗೆ ಬಣ್ಣ ಹಿಡಿಸುವುದರ ಮೇಲೆ ತುಂಬ ಕೆಲಸ ಮಾಡಿದವನು. ಈ ನಕಲಿನ ಉಣ್ಣೆಗೆ ಗಿಡಮೂಲದ ಬಣ್ಣ ಹಾಕಿಕೊಟ್ಟವನೂ ಅವನೇ. ಪ್ರತಿಯೊಬ್ಬಳೂ ತಾನು ಹೊಲಿದ ಭಾಗದ ಕೆಳಗೆ ತನ್ನ ಹೆಸರು ಹೊಲಿದಿದ್ದಾಳೆ. ಆ ಹೆಸರುಗಳನ್ನು ಒಂದೊಂದಾಗಿ ಓದಿಕೊಂಡು ನಡೆದಾಗಲೇ ನನಗೂ ಮಾಡಬೇಕು ಅನ್ನಿಸಿದ್ದು. ಮೂಲದಲ್ಲಿ ಒಬ್ಬಳ ಹೆಸರೂ ಇಲ್ಲ ನೋಡಿ.

ಹೆಸರು ಉಳಿದ ಕಸೂತಿಗಾರ್ತಿಯರು ಬೇರೆ ಕಡೆ ಸಿಗುತ್ತಾರೆ. 1086ರಲ್ಲಿ ವಿಲಿಯಂ ಮಾಡಿಸಿದ ಜಮೀನಿನ ಲೆಕ್ಕದ ಪುಸ್ತಕ ಡೂಮ್ಸ್‌ಡೇ ಬುಕ್‌ನಲ್ಲಿ ಎಲ್ಫ್‌ಗಿತ್ ಎಂಬ ಹುಡುಗಿಯ ಮಾತು ಬರುತ್ತದೆ. ತನ್ನ ಮಗಳಿಗೆ ಚಿನ್ನದ ದಾರದ ಕಸೂತಿ ಕಲಿಸಬೇಕು ಅಂತ ಗಾಡ್ರಿಕ್ ಎಂಬ ಶೆರಿಫ್ (ರಾಜನ ಕಡೆಯ ಅಧಿಕಾರಿ) ಅವಳಿಗೆ ಸ್ವಲ್ಪ ಜಮೀನು ಬಿಟ್ಟುಕೊಟ್ಟಿದ್ದ. ಲಿಯೋಫ್‌ಗಿತ್ ಎಂಬ ಇನ್ನೊಬ್ಬಳು ರಾಜ ರಾಣಿಯರಿಗೇ ಚಿನ್ನದ ಕಸೂತಿ ಮಾಡಿಕೊಡುತ್ತಿದ್ದಳು. ಆ ಕಾಲದ ಇಂಗ್ಲೆಂಡಿನಲ್ಲಿ ಸೂಜಿ ಕೆಲಸಕ್ಕೆ ಜಮೀನಿನ ಬೆಲೆ ಇತ್ತು.

ಇನ್ನು ಕೆಲಸದ ವಿಷಯ.

ಮೊದಲ ತಿಂಗಳು ಅಭ್ಯಾಸಕ್ಕೆ ಒಂದು ಕುದುರೆ ಹೊಲಿದೆ. ನನ್ನ ದೃಶ್ಯದಲ್ಲಿ ಕುದುರೆ ಇಲ್ಲ, ಕೈ ಪಳಗಲಿ ಅಂತ ಅಷ್ಟೆ. ನಾಲ್ಕೂ ಕಾಲನ್ನು ಒಂದೇ ಬಣ್ಣದಲ್ಲಿ ತುಂಬಿದೆ, ಕುದುರೆ ರಟ್ಟಿನಲ್ಲಿ ಕತ್ತರಿಸಿಟ್ಟ ಹಾಗೆ ಕಾಣಿಸಿತು. ಮ್ಯೂಸಿಯಂಗೆ ಹೋಗಿ ಮತ್ತೆ ನೋಡಿದೆ. ಆಚೆ ಬದಿಯ ಕಾಲುಗಳಿಗೆ ಬೇರೆ ಬಣ್ಣ ಇದೆ. ನೀಲಿ ಕುದುರೆಗೆ ಆಚೆಯ ಕಾಲು ಹಳದಿ, ಹೀಗೆ. ಮೂಲವನ್ನು ಹೊಲಿದ ಹೆಂಗಸರಿಗೆ ನೆರಳು ಬೆಳಕು ತೋರಿಸುವ ಅಗತ್ಯವೇ ಬೀಳಲಿಲ್ಲ, ಬಣ್ಣ ಬದಲಿಸಿ ಹತ್ತಿರ ಯಾವುದು, ದೂರ ಯಾವುದು ಅಂತ ಹೇಳಿಬಿಟ್ಟರು. ಎಷ್ಟು ಸಲ ಆ ಚಿತ್ರ ನೋಡಿದ್ದೆ, ಸೂಜಿ ಹಿಡಿಯುವವರೆಗೆ ಇದು ಕಣ್ಣಿಗೆ ಬಿದ್ದಿರಲಿಲ್ಲ.

ಇದರ ಹೊಲಿಗೆ ಮುಖ್ಯವಾಗಿ ಎರಡೇ. ಹೊರಗೆರೆಗೆ ಮತ್ತು ಅಕ್ಷರಕ್ಕೆ ಸ್ಟೆಮ್ ಸ್ಟಿಚ್, ಅಂದರೆ ಓರೆ ಹೊಲಿಗೆಗಳು ಒಂದಕ್ಕೊಂದು ತಾಗಿ ಹುರಿಯ ಹಾಗೆ ಕಾಣುವ ಗೆರೆ. ಒಳಗೆ ತುಂಬುವುದಕ್ಕೆ ಲೇಡ್ ವರ್ಕ್, ಅಂದರೆ ಮೊದಲು ದಾರಗಳನ್ನು ಒಂದರ ಪಕ್ಕ ಒಂದು ಒತ್ತಾಗಿ ಹಾಸಿ, ಅದರ ಮೇಲೆ ಅಡ್ಡಕ್ಕೆ ಸ್ವಲ್ಪ ಸ್ವಲ್ಪ ದೂರಕ್ಕೆ ಒಂದೊಂದು ದಾರ ಎಳೆದು, ಆ ಅಡ್ಡ ದಾರವನ್ನು ಚಿಕ್ಕ ಚಿಕ್ಕ ಹೊಲಿಗೆಯಲ್ಲಿ ಬಟ್ಟೆಗೆ ಕಟ್ಟಿಹಾಕುವುದು. ದಾರ ಹೆಚ್ಚುಕಡಿಮೆ ಎಲ್ಲಾ ಮುಂದಿನ ಬದಿಯಲ್ಲೇ ಉಳಿಯುತ್ತದೆ. ಹಿಂದಕ್ಕೆ ಹೋಗುವುದು ಅಂಚಿನಲ್ಲಿ ಒಂದು ಚುಕ್ಕೆಯಷ್ಟು. 70 ಮೀಟರ್ ಹೊಲಿಯಬೇಕಾದಾಗ ಉಣ್ಣೆ ಎಷ್ಟು ಉಳಿಯುತ್ತದೆ ಯೋಚಿಸಿ.

ನಾನು ಧಾರವಾಡದ ಕಸೂತಿ ಕಲಿತವಳು. ನಮ್ಮದರಲ್ಲಿ ಬಟ್ಟೆಯ ಮೇಲೆ ಗೆರೆ ಬರೆಯುವ ಹಾಗಿಲ್ಲ, ಎಳೆ ಎಣಿಸಿಯೇ ಹಾಕಬೇಕು. ಗಂಟು ಹಾಕುವ ಹಾಗಿಲ್ಲ. ಗವಂತಿ ಅನ್ನುವ ಹೊಲಿಗೆ ಹಾಕಿದರೆ ಹಿಂದೆಯೂ ಮುಂದಿನ ಹಾಗೇ ಕಾಣಬೇಕು. ಅದಕ್ಕೇ ವಿಡಿಯೋ ಕಾಲ್‌ನಲ್ಲಿ ಹೆರಾಲ್ಡ್‌ನನ್ನು ತೋರಿಸಿದಾಗ ಅವ್ವ ಮೊದಲು ಹೇಳಿದ್ದು, "ಮುಂದಿಂದು ಯಾರರೆ ನೋಡತಾರ, ಹಿಂದಿಂದು ತೋರಸು." ತೋರಿಸಿದೆ. ಬರೀ ಚುಕ್ಕೆ ಚುಕ್ಕೆ. ಅವ್ವ ಸ್ವಲ್ಪ ಹೊತ್ತು ನೋಡಿ, "ದಾರ ಉಳಿಸ್ಯಾರ, ಶ್ಯಾಣ್ಯಾರು" ಅಂದಳು. ಮೂಲ ಕಸೂತಿಯ ಹಿಂಬದಿಯನ್ನು 1982-83ರಲ್ಲಿ ಬಿಚ್ಚಿ ಪರೀಕ್ಷೆ ಮಾಡಿದರು. ಬೆಳಕು ತಾಗದ ಆ ಬದಿಯಲ್ಲಿ ಬಣ್ಣ ಇನ್ನೂ ಗಾಢವಾಗಿ ಉಳಿದಿತ್ತು. ಅವ್ವನಿಗೆ ಇದನ್ನು ಹೇಳಿದ ಮೇಲೆ ಈ ಕೆಲಸದ ಮೇಲೆ ಅವಳ ಗೌರವ ಜಾಸ್ತಿಯಾಗಿದೆ.

ಎರಡನೇ ತಿಂಗಳು ಅಷ್ಟೇನೂ ಚೆನ್ನಾಗಿ ಹೋಗಲಿಲ್ಲ. ದುಂಡು ಹೂಪ್‌ನಲ್ಲಿ ಹೊಲಿಯುತ್ತಿದ್ದೆ, ಹೂಪ್ ಜರುಗಿಸಿದಾಗಲೆಲ್ಲ ಹಾಸಿದ ದಾರ ಚಪ್ಪಟೆಯಾಗಿ ಹೋಯಿತು, ಬಟ್ಟೆ ಸುಕ್ಕು ಬಿತ್ತು. ಸಿಂಹಾಸನದ ಎಡಭಾಗ ಪೂರ್ತಿ ಬಿಚ್ಚಬೇಕಾಯಿತು. ಊರಲ್ಲಿ ಆರಿ ವರ್ಕ್ ಮಾಡುವವರ ಮನೆಯಲ್ಲಿ ಇರುತ್ತದಲ್ಲ, ಬಟ್ಟೆಯನ್ನು ನಾಲ್ಕೂ ಕಡೆ ಬಿಗಿದು ಕಟ್ಟುವ ದೊಡ್ಡ ಚೌಕಟ್ಟು, ಅಂಥದ್ದನ್ನೇ ಮಾಡಿಸಿಕೊಂಡೆ. ಎರಡೂ ಕೈ ಬಿಡುವಾದವು. ಒಂದು ಕೈ ಮೇಲೆ, ಒಂದು ಕೈ ಕೆಳಗೆ. ವೇಗ ಎರಡರಷ್ಟಾಯಿತು.

ಉಣ್ಣೆಯದ್ದು ಬೇರೆಯೇ ಕತೆ. ಮೊದಲು ತಂದ ಕೆಂಪು ಕುಂಕುಮದ ಹಾಗೆ ಕಣ್ಣಿಗೆ ಹೊಡೆಯುತ್ತಿತ್ತು. ಮೂಲದ ಬಣ್ಣಗಳೆಲ್ಲ ಮೂರು ಗಿಡಗಳಿಂದ ಬಂದವು. ಕೆಂಪಿಗೆ ಮ್ಯಾಡರ್ ಬೇರು, ಅದು ನಮ್ಮ ಮಂಜಿಷ್ಠದ ಬಳಗದ್ದೇ. ಹಳದಿಗೆ ವೆಲ್ಡ್. ನೀಲಿಗೆ ವೋಡ್ ಎಲೆ, ಅದರಲ್ಲಿರುವುದು ನಮ್ಮ ನೀಲಿ ಗಿಡದಲ್ಲಿರುವ ಬಣ್ಣವೇ. ಹಸಿರು ಬೇಕಾದರೆ ನೀಲಿ ಮತ್ತು ಹಳದಿ ಎರಡರಲ್ಲೂ ಅದ್ದಬೇಕು. ಗಿಡದ ಬಣ್ಣ ಹಾಕಿದ ಉಣ್ಣೆ ತರಿಸಿದೆ. ಒಂದು ಸಲ ಬಂದ ಹಸಿರು ಇನ್ನೊಂದು ಸಲ ಬರುವುದಿಲ್ಲ, ಹಾಗಾಗಿ ಸ್ಟಿಗಾಂಡ್‌ನ ನಿಲುವಂಗಿಯಲ್ಲಿ ಮಂಡಿಯ ಹತ್ತಿರ ಹಸಿರು ಸ್ವಲ್ಪ ಬದಲಾಗಿದೆ. ಅದನ್ನು ಬಿಚ್ಚುವುದಿಲ್ಲ. ಹಾಗೇ ಇರಲಿ.

ಮೂರು, ನಾಲ್ಕನೇ ತಿಂಗಳು ಪೂರ್ತಿ ಹೆರಾಲ್ಡ್‌ನ ಜೊತೆಗೇ ಕಳೆದೆ. ಒಂದು ಕೈಯಲ್ಲಿ ರಾಜದಂಡ, ಇನ್ನೊಂದರಲ್ಲಿ ಶಿಲುಬೆ ಇರುವ ಗೋಳ, ಮುಖ ನೇರವಾಗಿ ನಮ್ಮ ಕಡೆಗೇ. ಮಕ್ಕಳಿಲ್ಲದ ಎಡ್ವರ್ಡ್ ದೊರೆ 1066ರ ಜನವರಿ 5ರಂದು ತೀರಿಕೊಂಡ. ಮರುದಿನವೇ ಅವನನ್ನು ಮಣ್ಣು ಮಾಡಿದರು, ಅದೇ ದಿನ ಹೆರಾಲ್ಡ್‌ಗೆ ಕಿರೀಟ. ಹೆರಾಲ್ಡ್ ರಾಜವಂಶದವನಲ್ಲ, ರಾಣಿ ಈಡಿತ್‌ಳ ಅಣ್ಣತಮ್ಮಂದಿರಲ್ಲಿ ಒಬ್ಬ, ದೇಶದ ಅತ್ಯಂತ ಬಲಿಷ್ಠ ಅರ್ಲ್, ಅಂದರೆ ದೊಡ್ಡ ಸಾಮಂತ. ಸಿಂಹಾಸನ ತನಗೆ ಬರಬೇಕು ಅಂತ ಸಮುದ್ರದಾಚೆ ವಿಲಿಯಂ ಹೇಳುತ್ತಿದ್ದ, ಹೆರಾಲ್ಡ್ ತನಗೆ ಆಣೆ ಮಾಡಿದ್ದಾನೆ ಅಂತಲೂ ಹೇಳುತ್ತಿದ್ದ.

ಸ್ಟಿಗಾಂಡ್‌ನನ್ನು ಹೊಲಿಯುವಾಗ ನನಗೆ ಒಂದು ಪ್ರಶ್ನೆ ಬಂತು, ಇವನು ಇಲ್ಲಿ ಯಾಕಿದ್ದಾನೆ ಅಂತ. ಹಿಂದಿನ ಆರ್ಚ್‌ಬಿಷಪ್ ಬದುಕಿರುವಾಗಲೇ ಅವನ ಪೀಠದಲ್ಲಿ ಕೂತವನು ಈ ಸ್ಟಿಗಾಂಡ್. ಜೊತೆಗೆ ವಿಂಚೆಸ್ಟರ್ ಬಿಷಪ್ ಪದವಿಯನ್ನೂ ಬಿಟ್ಟಿರಲಿಲ್ಲ, ರೋಮಿನ ಪೋಪ್‌ಗೆ ಅವನು ಆಗುತ್ತಿರಲಿಲ್ಲ. ಹೆರಾಲ್ಡ್‌ಗೆ ಕಿರೀಟ ಇಟ್ಟದ್ದು ಯಾರ್ಕ್‌ನ ಆರ್ಚ್‌ಬಿಷಪ್ ಎಲ್ಡ್ರೆಡ್ ಅಂತ ಇಂಗ್ಲಿಷ್ ಕಡೆಯ ಬರಹ ಹೇಳುತ್ತದೆ. ವಿಲಿಯಂ ಕಡೆಯ ನಾರ್ಮನ್ನರು ಸ್ಟಿಗಾಂಡ್ ಅನ್ನುತ್ತಾರೆ. ಕಿರೀಟ ಇಟ್ಟವನೇ ಸರಿಯಿಲ್ಲ ಅಂದರೆ ಪಟ್ಟವೂ ಸರಿಯಿಲ್ಲ ಅಂತಾಗುತ್ತದಲ್ಲ. ಆದರೆ ಕಸೂತಿಯಲ್ಲಿ ಸ್ಟಿಗಾಂಡ್ ಕಿರೀಟ ಇಡುತ್ತಿಲ್ಲ. ಬರೀ ಕೈ ಚಾಚಿ ನಿಂತಿದ್ದಾನೆ. ಗೆದ್ದವರಿಗೆ ಅವರಿಗೆ ಬೇಕಾದ್ದು ಕಾಣುತ್ತದೆ, ಸೋತವರು ಸುಳ್ಳನ್ನೂ ಹೊಲಿಯಲಿಲ್ಲ.

ಆಮೇಲೆ ಅಕ್ಷರ. ಹೆರಾಲ್ಡ್‌ನ ತಲೆಯ ಮೇಲೆ ಲ್ಯಾಟಿನ್‌ನಲ್ಲಿ "ಹಿಕ್ ರೆಸಿಡೆಟ್ ಹೆರಾಲ್ಡ್ ರೆಕ್ಸ್ ಆಂಗ್ಲೋರುಮ್" ಅಂತಿದೆ. ಇಂಗ್ಲಿಷರ ರಾಜ ಹೆರಾಲ್ಡ್ ಇಲ್ಲಿ ಕೂತಿದ್ದಾನೆ. ರೆಕ್ಸ್ (REX) ಅಂದರೆ ರಾಜ. ಇದು ಸಣ್ಣ ಮಾತಲ್ಲ. ಡೂಮ್ಸ್‌ಡೇ ಬುಕ್ ಬರೆಯುವ ಹೊತ್ತಿಗೆ ಹೆರಾಲ್ಡ್‌ನ ಒಂಬತ್ತು ತಿಂಗಳ ಆಳ್ವಿಕೆಯನ್ನೇ ಲೆಕ್ಕದಿಂದ ತೆಗೆದುಹಾಕಿದ್ದರು. ಅಲ್ಲಿ ಹಳೆಯ ಲೆಕ್ಕ ಎಂದರೆ "ಎಡ್ವರ್ಡ್ ದೊರೆಯ ಕಾಲದಲ್ಲಿ", ಹೆರಾಲ್ಡ್ ಎಂದರೆ ಬರೀ ಅರ್ಲ್. ಕಸೂತಿಯಲ್ಲಿ ಮಾತ್ರ ಅವನು ಪಟ್ಟಕ್ಕೆ ಬಂದಾಗಲೂ ರೆಕ್ಸ್, ಹೇಸ್ಟಿಂಗ್ಸ್ ಯುದ್ಧದಲ್ಲಿ ತಮ್ಮಂದಿರು ಬಿದ್ದಾಗ ಅವರು "ಹೆರಾಲ್ಡ್ ರಾಜನ ತಮ್ಮಂದಿರು", ಕೊನೆಗೆ ಅಕ್ಟೋಬರ್ 14ರಂದು ಅವನೇ ಸತ್ತಾಗಲೂ "ಹೆರಾಲ್ಡ್ ರೆಕ್ಸ್". ಅಲ್ಲಿ ತಮ್ಮ ಗಿರ್ತ್‌ನ ಹೆಸರಿಗೆ ಹಳೆಯ ಇಂಗ್ಲಿಷ್‌ನ ಅಕ್ಷರವೊಂದನ್ನು ಲ್ಯಾಟಿನ್ ಸಾಲಿನ ನಡುವೆ ಸೇರಿಸಿದ್ದಾರೆ. ಬರೆದುಕೊಟ್ಟವನ ಬಾಯಲ್ಲಿ ಇಂಗ್ಲಿಷ್ ಇತ್ತು ಅನ್ನುವುದಕ್ಕೆ ನನಗೆ ಇದಕ್ಕಿಂತ ಒಳ್ಳೆಯ ಗುರುತು ಬೇಡ. ಪದ ಆರಿಸಿದವರು ಯಾರೇ ಇರಲಿ, ಹೊಲಿದ ಹೆಂಗಸು ಗೆದ್ದವರ ದುಡ್ಡಿನಲ್ಲಿ ಗೆದ್ದವರಿಗಾಗಿಯೇ ಕೆಲಸ ಮಾಡುತ್ತಾ ಆ ಮೂರು ಅಕ್ಷರ ಹಾಕಿದ್ದಾಳೆ, ಅವಳ ಮನೆಯಲ್ಲೂ ಆ ಯುದ್ಧಕ್ಕೆ ಹೋಗಿ ವಾಪಸ್ ಬರದವರು ಇದ್ದಿರಬಹುದು. ನಾನು ಗಾಢ ನೀಲಿ ದಾರದಲ್ಲಿ ಆ ಮೂರು ಅಕ್ಷರ ಹಾಕುವುದಕ್ಕೆ ಒಂದು ಸಂಜೆ ಪೂರ್ತಿ ತೆಗೆದುಕೊಂಡೆ. ಬೇಗ ಮುಗಿಸಬಹುದಿತ್ತು, ಮನಸ್ಸು ಬರಲಿಲ್ಲ.

ಈ ತಿಂಗಳು ಬಾಲಚುಕ್ಕಿ. ನಾವೀಗ ಹ್ಯಾಲಿ ಧೂಮಕೇತು ಅನ್ನುವುದು ಅದೇ. 1066ರ ಏಪ್ರಿಲ್ ಕೊನೆಯಲ್ಲಿ ಇಂಗ್ಲೆಂಡಿನಲ್ಲಿ ಸುಮಾರು ಒಂದು ವಾರ ಕಾಣಿಸಿತ್ತು. ಪಟ್ಟವಾದದ್ದು ಜನವರಿಯಲ್ಲಿ, ಆದರೆ ಕಸೂತಿಯಲ್ಲಿ ಎರಡೂ ಪಕ್ಕಪಕ್ಕ. ಮೇಲಿನ ಅಂಚಿನಲ್ಲಿ ಸಾಮಾನ್ಯವಾಗಿ ಹಕ್ಕಿ, ಪ್ರಾಣಿಗಳ ಸಾಲು ಇರುತ್ತದೆ. ಇಲ್ಲಿ ಆ ಸಾಲನ್ನು ನಿಲ್ಲಿಸಿ ಬೆಂಕಿಯ ಬಾಲದ ಉಂಡೆಯೊಂದನ್ನು ತಂದಿದ್ದಾರೆ. ಕೆಳಗೆ "ಇಸ್ತಿ ಮಿರಾಂಟ್ ಸ್ಟೆಲ್ಲಾ", ಇವರು ನಕ್ಷತ್ರ ನೋಡಿ ಬೆರಗಾಗಿದ್ದಾರೆ. ಆ ಗುಂಪಿನ ಬೆರಳುಗಳೇ ಅತ್ಯಂತ ಕಷ್ಟದ ಹೊಲಿಗೆ. ಸ್ಟೆಮ್ ಸ್ಟಿಚ್ ಒಂದು ಎಳೆ ಆಚೀಚೆಯಾದರೂ ಬೆರಳು ಹೋಗಿ ಮುಷ್ಟಿಯಾಗುತ್ತದೆ. ಎರಡು ಕೈಗಳನ್ನು ಮೂರು ಮೂರು ಸಲ ಬಿಚ್ಚಿದ್ದೇನೆ.

ಮೂಲವನ್ನು 2026ರ ಸೆಪ್ಟೆಂಬರ್‌ನಿಂದ 2027ರ ಜುಲೈವರೆಗೆ ಲಂಡನ್ನಿನ ಬ್ರಿಟಿಷ್ ಮ್ಯೂಸಿಯಂನಲ್ಲಿ ಇಡುತ್ತೇವೆ ಅಂತ ಪ್ರಕಟಿಸಿದ್ದಾರೆ. ಸುಮಾರು 950 ವರ್ಷದ ಮೇಲೆ ಹೊಲಿದ ನಾಡಿಗೆ ಬರುವುದು. ಅಷ್ಟರಲ್ಲಿ ನನ್ನದು ಮುಗಿದಿರಬೇಕು ಅನ್ನುವುದು ಆಸೆ. ನೋಡಲು ಹೋಗುವಾಗ ಈ ದೃಶ್ಯದ ಪ್ರತಿ ಹೊಲಿಗೆ ಕೈಗೆ ಗೊತ್ತಿರಬೇಕು.

ಉಳಿದಿರುವುದು: ಬಾಲದ ಅರ್ಧ, ಎರಡು ಮುಖ, ಎಡಗಡೆ ಕತ್ತಿ ಹಿಡಿದವನ ಕಾಲು, ಮತ್ತೆ ಕೆಳಗಿನ ಅಂಚಿನ ಹಡಗುಗಳು. ಬಾಲಚುಕ್ಕಿಯ ಸುದ್ದಿ ಕೇಳಿದ ಹೆರಾಲ್ಡ್ ಬಲತುದಿಯಲ್ಲಿ ಮತ್ತೊಮ್ಮೆ ಕೂತಿದ್ದಾನೆ, ಒಬ್ಬ ಅವನ ಹತ್ತಿರ ಬಂದು ಏನೋ ಹೇಳುತ್ತಿದ್ದಾನೆ, ಅವನ ಕಾಲ ಕೆಳಗೆ ಈ ಹಡಗುಗಳು. ವಿಲಿಯಂ ಇನ್ನೂ ಹಡಗು ಕಟ್ಟಿಸಿಯೇ ಇಲ್ಲ. ಅದಕ್ಕೇ ಇವಕ್ಕೆ ಹೊರಗೆರೆ ಮಾತ್ರ, ಒಳಗೆ ಬಣ್ಣ ತುಂಬಿಲ್ಲ. ನಾನೂ ತುಂಬುವುದಿಲ್ಲ. ಒಂದೇ ಎಳೆ ದಾರ, ಸ್ಟೆಮ್ ಸ್ಟಿಚ್, ಭಾನುವಾರದಿಂದ ಶುರು.